ಸೋಮವಾರ ಮುಗಿಯುವ ಹೊತ್ತು

ಘೋಡಗೇರಿಯ ಹೊಳೆಸಾಲಿನ ನೀರಿನ ಸಂಘದಲ್ಲಿ ಅಧ್ಯಕ್ಷರು ಬದಲಾದರು, ಮೋಟಾರು ಬದಲಾಯಿತು, ಪೈಪೂ ಬದಲಾಯಿತು. ಬದಲಾಗದೆ ಉಳಿದದ್ದು ಬಾಬಾಲಾಲನ ಮಾತು ಒಂದೇ. ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಕೂತು ಮೋಟಾರು ಹಾಕುವವನು ಅವನು, ಇವತ್ತಿನ ನೀರು ಯಾರ ಹೊಲಕ್ಕೆ ಎಂದು ಹೇಳುವವನೂ ಅವನೇ. ನೀರು ದಿನಕ್ಕೊಂದು ಮನೆಯಂತೆ ಸರದಿಯ ಮೇಲೆ ಹೋಗುತ್ತದೆ. ಆ ಸರದಿಗೆ ಅಲ್ಲಿ ಪಾಳಿ ಅನ್ನುತ್ತಾರೆ. ಪಾಳಿಯನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬಾಬಾಲಾಲ ಹೇಳಿದ ಅಂದರೆ ಮುಗಿಯಿತು. ಕಬ್ಬಿನ ಬದುವಿನ ವಿಷಯಕ್ಕೆ ಬಂದರೆ ಒಡಹುಟ್ಟಿದವರೇ ಒಬ್ಬರನ್ನೊಬ್ಬರು ನಂಬದ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಅವನ ಮಗಳು ಗುಲ್ನಾಜಳಿಗೆ ಮಾತ್ರ ಇದರಲ್ಲಿ ದೊಡ್ಡದೇನೂ ಕಂಡಿರಲಿಲ್ಲ. ಗೋಕಾಕದಲ್ಲಿ ಬಿಸಿಎ ಮುಗಿಸಿದ ಹುಡುಗಿ, ದಿನಾ ಬಸ್ಸು ಹಿಡಿದು ಹುಕ್ಕೇರಿಯ ಒಂದು ಆನ್‌ಲೈನ್ ಸೆಂಟರಿಗೆ ಹೋಗಿ ಕೂರುತ್ತಿದ್ದಳು. ಸೆಂಟರ್ ಅಂದರೆ ಒಂದು ಝೆರಾಕ್ಸ್ ಮಷಿನ್ನು, ಎರಡು ಕಂಪ್ಯೂಟರು, ಬಾಗಿಲಿನಿಂದ ರಸ್ತೆಯವರೆಗೆ ಜನ. ಬೇರೆ ಯಾರೋ ಕಟ್ಟಿದ ವೆಬ್ ಪುಟಗಳಲ್ಲಿ ಬೇರೆ ಯಾರದೋ ಹೆಸರು, ಊರು, ಹುಟ್ಟಿದ ದಿನ ತುಂಬುವುದು ಅವಳ ಕೆಲಸ. ತುಂಬಿ ತುಂಬಿ ಅವಳಿಗೆ ರೋಸಿಹೋಗಿತ್ತು. ತನ್ನ ಕೈಯಿಂದ ಒಂದು ಪುಟ ಆಗಬೇಕು, ಅದನ್ನು ಜನ ತೆರೆದು ನೋಡಬೇಕು, ಆಮೇಲೆ ಇಂಥದೇ ಇನ್ನೊಂದು ಮಾಡಿಕೊಡು ಎಂದು ಯಾರಾದರೂ ಕೇಳಬೇಕು. ಇಷ್ಟೇ ಅವಳ ಆಸೆ. ಆಸೆ ಇಷ್ಟೇ ಇದ್ದವರಿಗೆ ಅದು ಬಹಳ ಇರುತ್ತದೆ.

ಮನೆಗೆ ಬಂದರೆ ಅಪ್ಪನ ಫೋನಿನದೇ ಕಾಟ. ಊಟಕ್ಕೆ ಕೂತರೆ ಫೋನು, ನಮಾಜು ಮುಗಿಸಿ ಏಳುವಷ್ಟರಲ್ಲಿ ಫೋನು.

"ಮಾಮಾ, ನಮ್ಮ ಪಾಳಿ ಯಾವತ್ತ ಬರತೈತ್ರಿ?"

"ಶುಕ್ರವಾರ ನಿಂದ. ಗುರುಲಿಂಗಪ್ಪಂದ ಮುಗದ ಮ್ಯಾಲ."

ಅದೇ ಮನುಷ್ಯ ಮರುದಿನ ಮತ್ತೆ ಕೇಳುತ್ತಿದ್ದ, ಬಾಬಾಲಾಲ ಮತ್ತೆ ಹೇಳುತ್ತಿದ್ದ. ಅವನಿಗೆ ಬೇಸರವೆಂಬುದೇ ಇರಲಿಲ್ಲ. ಆ ಬೇಸರವನ್ನೆಲ್ಲ ಅವನ ಪರವಾಗಿ ಮಗಳು ಪಡುತ್ತಿದ್ದಳು. ಯುಗಾದಿಯ ಸುಮಾರಿಗೆ ಒಂದು ದಿನ ಅವಳು ತೀರ್ಮಾನಕ್ಕೆ ಬಂದಳು: ಈ ಪಾಳಿಯನ್ನೇ ಒಂದು ಪುಟ ಮಾಡುತ್ತೇನೆ. ಫೋನ್ ಇದ್ದವರು ತೆರೆದು ನೋಡಿಕೊಳ್ಳಲಿ.

ಪುಟ ಕಟ್ಟಲು ಅವಳು ಹಿಡಿದ ಸಲಕರಣೆ ಸಣ್ಣದು, ಹಗುರಾದದ್ದು. ಅದರ ಹೆಸರು ಫ್ಲಾಸ್ಕ್. ಬಾಬಾಲಾಲನಿಗೆ ಫ್ಲಾಸ್ಕೆಂದರೆ ಪಂಪ್‌ಹೌಸಿಗೆ ಚಹಾ ಒಯ್ಯುವುದು.

"ಫ್ಲಾಸ್ಕಿನ್ಯಾಗ ಪಾಳಿ ಹೆಂಗ ತುಂಬತೀ ಬೇಟಿ?" ಎಂದು ಕೇಳಿದ.

ಮನೆಯಲ್ಲಿ ಅವರ ಮಾತು ಉರ್ದು. ಆದರೆ ನೀರಿನ ಪ್ರಸ್ತಾಪ ಬಂತೆಂದರೆ ಬಾಬಾಲಾಲ ಹೊಸ್ತಿಲೊಳಗೂ ಕನ್ನಡಕ್ಕೆ ತಿರುಗುತ್ತಿದ್ದ. ನೀರಿಗೆ ಅವನಲ್ಲಿ ಬೇರೆ ಭಾಷೆ ಇರಲಿಲ್ಲ.

"ಅದು ಚಾದ ಫ್ಲಾಸ್ಕ್ ಅಲ್ಲ ಅಬ್ಬಾ. ನೀವ ಪಾಳಿ ಹೆಂಗ ಹಿಡೀತೀರಿ ಹೇಳ್ರಿ, ಹಂಗ ಬರೀತೇನಿ."

ಅವನು ಹೇಳಿದ. ಮೋಟಾರು ಸುಟ್ಟರೆ ಪಾಳಿ ಅಲ್ಲೇ ನಿಲ್ಲುತ್ತದೆ, ಮುಂದಿನ ಮನೆಗೆ ಹೋಗುವುದಿಲ್ಲ. ಸಾವಾದ ಮನೆಯ ಪಾಳಿ ತಪ್ಪುವುದಿಲ್ಲ, ಬಾಜೂದ ಹೊಲದವರು ಹೋಗಿ ಅವರ ಪರವಾಗಿ ನೀರು ಹಾಯಿಸುತ್ತಾರೆ. ಹೊಲ ಹಂಚಿಕೊಂಡ ಅಣ್ಣತಮ್ಮಂದಿರು ಅಪ್ಪನ ಒಂದೇ ಪಾಳಿಯನ್ನು ತಮ್ಮೊಳಗೆ ಹಂಚಿಕೊಳ್ಳಬೇಕು, ಸಂಘವನ್ನು ಕೇಳುವಂತಿಲ್ಲ. ಗುಲ್ನಾಜ ಎಲ್ಲವನ್ನೂ ಕೇಳಿ ಕೇಳಿ ಪ್ರೋಗ್ರಾಮಿನೊಳಗೆ ಇಳಿಸಿದಳು. ಒಂದು ದಿನ ಎಲ್ಲಿಂದ ಎಲ್ಲಿಯವರೆಗೆ ಎಂದು ಮಾತ್ರ ಕೇಳಲಿಲ್ಲ. ಅದನ್ನು ಯಾರು ಕೇಳುತ್ತಾರೆ?

ಪುಟ ಅವಳ ಲ್ಯಾಪ್‌ಟಾಪಿನಲ್ಲಿ ಚಂದವಾಗಿ ತೆರೆಯಿತು. ಹಿಗ್ಗಿನಲ್ಲಿ ಅದರ ವಿಳಾಸವನ್ನು ಹಾಗೇ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಳು. ಅದು ಅವಳ ಯಂತ್ರದೊಳಗೆ ಮಾತ್ರ ಇದ್ದ ವಿಳಾಸ. ಮನೆಯ ಹಿತ್ತಲ ಬಾಗಿಲು ತೋರಿಸಿ ಇಡೀ ಊರನ್ನು ಊಟಕ್ಕೆ ಕರೆದಂತಾಯಿತು. ಸಂಘದ ಕಾರ್ಯದರ್ಶಿ ಶ್ರೀಶೈಲ ಫೋನ್ ಮಾಡಿ, "ತಂಗಿ, ನಿನ್ನ ಲಿಂಕ್ ತಗಿಯಾಕ ಒಲ್ದು. ನನ್ನ ಫೋನ ಹಳೇದ ಆತೋ ಏನ?" ಎಂದು ಬಹಳ ಸಂಕೋಚದಿಂದ ಕೇಳಿದ. ಆಮೇಲೆ ಪುಕ್ಕಟೆ ಜಾಗ ಕೊಡುವ ಒಂದು ಸರ್ವರ್ ಹುಡುಕಿ ಅಲ್ಲಿ ಏರಿಸಿದಳು. ಮೊದಲು ಏರಲಿಲ್ಲ. ಪ್ರೋಗ್ರಾಮು ನಡೆಯಲು ಏನೇನು ಬೇಕೆಂದು ಅದಕ್ಕೆ ಬರೆದುಕೊಡುವುದನ್ನು ಮರೆತಿದ್ದಳು. ಬರೆದುಕೊಟ್ಟ ಮೇಲೆ ಏರಿತು. ಆ ಸರ್ವರ್ ಯಾವ ದೇಶದಲ್ಲಿತ್ತೋ ಅವಳಿಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಗೋಜಿಗೂ ಹೋಗಲಿಲ್ಲ.

ಪುಟದಲ್ಲಿ ಇದ್ದದ್ದು ಇಷ್ಟು. ಮೇಲೆ ದೊಡ್ಡ ಅಕ್ಷರದಲ್ಲಿ "ಬಾಬಾಲಾಲ ಹೇಳ್ತಾನ". ಅದರ ಕೆಳಗೆ ಇಂದಿನ ವಾರ, ಅದರ ಕೆಳಗೆ ಪಾಳಿಯ ಮನೆಯ ಹೆಸರು. ತಲೆಬರಹ ಅವಳು ತಮಾಷೆಗೆ ಹಾಕಿದ್ದು. ಊರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಬಾಬಾಲಾಲನ ಹೆಸರಿದ್ದದ್ದರಿಂದಲೇ ಜನ ಪುಟವನ್ನು ನಂಬಿದರು.

ಒಂದೆರಡು ವಾರದಲ್ಲಿ ಮನೆಯಲ್ಲಿ ಫೋನಿನ ಸದ್ದು ನಿಂತಿತು. ಬಾಬಾಲಾಲ ಊಟಕ್ಕೆ ಕೂತರೆ ಊಟ ಮುಗಿಸಿಯೇ ಏಳುವಂತಾಯಿತು. ಅದರಿಂದ ಅವನಿಗೆ ಸುಖವಾಯಿತೆಂದು ಗುಲ್ನಾಜ ನಂಬಿದ್ದಳು. ಅವನು ಆಗಾಗ ಫೋನ್ ತೆಗೆದು ಚಾರ್ಜ್ ಇದೆಯೋ ಇಲ್ಲವೋ ಎಂದು ನೋಡಿ ಮತ್ತೆ ಜೇಬಿಗೆ ಇಡುತ್ತಿದ್ದುದನ್ನು ಅವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗುಂಡಿ ಒತ್ತುವ ಹಳೆಯ ಫೋನಿನ ಚನ್ನವ್ವ ಒಬ್ಬಳು ಮಾತ್ರ ಈಗಲೂ ಅವನನ್ನೇ ಕೇಳುತ್ತಿದ್ದಳು. ಒಬ್ಬಳೇ ಹೊಲ ಮಾಡಿಕೊಂಡಿದ್ದ, ಮಾತಿಗೆ ಗಟ್ಟಿ ಹೆಂಗಸು ಅವಳು.

ಈ ನಡುವೆ ಗುಲ್ನಾಜಳ ಆಸೆಗೂ ದಾರಿ ತೆರೆಯಿತು. ಗೋಕಾಕದಲ್ಲಿ ಅವಳಿಗೆ ಪಾಠ ಹೇಳಿದ್ದ ಕಾಶಿನಾಥ ಮಾಸ್ತರರು ಮೂಡಲಗಿಯವರು. ಅವರ ನೆಂಟರದೂ ಅಲ್ಲೊಂದು ನೀರಿನ ಸಂಘವಿತ್ತು, ಅಲ್ಲಿ ಪಾಳಿಯ ಜಗಳ ವರ್ಷವಿಡೀ ಇತ್ತು. ಪುಟದ ಸುದ್ದಿ ಕೇಳಿ ಅವರು, "ಮಂಗಳವಾರ ಸಂಜಿಗೆ ನಮ್ಮ ಮಂದಿನ ಕರಕೊಂಡ ಬರತೇನಿ. ನೋಡಿ ಒಪ್ಪಿದ್ರ ನಿನ್ನ ಕಡೆನ ಮಾಡಸ್ತಾರ" ಎಂದರು. ಅವಳಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ. ಸಂತೋಷ ಹೊಟ್ಟೆ ತುಂಬಿತ್ತು.

ಆ ಮಂಗಳವಾರದ ಹಿಂದಿನ ದಿನ, ಸೋಮವಾರ ನಸುಕಿನಲ್ಲಿ, ಮಾಸ್ತರರು ಮೂಡಲಗಿಯಲ್ಲಿ ತಿರುಗಾಡಲು ಹೊರಟವರು ನಡೆಯುತ್ತಲೇ ಪುಟ ತೆರೆದರು. ಅದರಲ್ಲಿ "ಇಂದು ರವಿವಾರ" ಎಂದಿತ್ತು. ಅವರು ಅಲ್ಲೇ ನಿಂತು ಫೋನ್ ಮಾಡಿದರು.

"ಗುಲ್ನಾಜ, ಇವತ್ತ ಯಾವ ವಾರ?"

"ಸೋಮವಾರ ಸರ್."

"ನಿನ್ನ ಪುಟ ಇನ್ನೂ ರವಿವಾರದಾಗ ಮಲಗೇತಿ ನೋಡು. ನಿನ್ನ ಸರ್ವರ ವಿಲಾಯತಿ ಟೈಮಿನ್ಯಾಗ ನಡದೈತಿ. ನಮಗ ನಸಿಕ್ಲೆ ಐದೂವರಿ ಆದಾಗ ಅದಕ್ಕ ಹನ್ನೆರಡ. ಅಲ್ಲೀತನಕ ಅದರ ದಿನಾನ ಬದಲಾಗೂದಿಲ್ಲ. ಇಂಥಾ ತಪ್ಪ ಇಟಗೊಂಡ ಮೂಡಲಗಿಯವ್ರಿಗೆ ಏನ ತೋರಸ್ತೀ?"

ಗುಲ್ನಾಜಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕಲಿಯುವಾಗ ಪುಸ್ತಕದಲ್ಲಿ ಅಡಿಗೆರೆ ಎಳೆದು ಓದಿದ್ದ ವಿಷಯ. ಲ್ಯಾಪ್‌ಟಾಪಿನಲ್ಲಿ ನೋಡುವಾಗ ಎಲ್ಲ ಸರಿಯಿತ್ತು, ಏಕೆಂದರೆ ಲ್ಯಾಪ್‌ಟಾಪು ಘೋಡಗೇರಿಯಲ್ಲೇ ಇತ್ತು. ಏರಿಸಿದ ಮೇಲೆ ನಸುಕಿನಲ್ಲೆದ್ದು ಅವಳು ಪರೀಕ್ಷಿಸಿರಲಿಲ್ಲ. ಕೂಡಲೇ ಕೂತು ತಿದ್ದಿದಳು. ತಿದ್ದಲು ಇದ್ದದ್ದು ಒಂದೇ ಸಾಲು. ಕಂಪ್ಯೂಟರಿನ ಲೋಕದಲ್ಲಿ ಇಡೀ ಭಾರತದ ಗಡಿಯಾರಕ್ಕೆ ಕೋಲ್ಕತ್ತಾದ ಹೆಸರು. ಘೋಡಗೇರಿಯ ನೀರನ್ನು ಆ ಕೋಲ್ಕತ್ತಾದ ಗಡಿಯಾರಕ್ಕೆ ಕಟ್ಟಿ, ಮತ್ತೆ ಸರ್ವರಿಗೆ ಏರಿಸಿ, ಹುಕ್ಕೇರಿಯ ಬಸ್ಸಿಗೆ ಓಡಿದಳು. ಅಪ್ಪನಿಗೆ ಹೇಳಲಿಲ್ಲ. ಹೇಳುವಂಥದ್ದೇನು, ತಪ್ಪಿತ್ತು, ತಿದ್ದಿದ್ದಾಯಿತು.

ಮಂಗಳವಾರ ಬೆಳಗಾಗುವಷ್ಟರಲ್ಲಿ ಬಾಬಾಲಾಲನ ಅಂಗಳದಲ್ಲಿ ಇಬ್ಬರು ನಿಂತಿದ್ದರು. ಒಬ್ಬಳು ಚನ್ನವ್ವ, ಇನ್ನೊಬ್ಬ ಕೆಂಚಪ್ಪ. ಇಬ್ಬರ ಮೊಣಕಾಲಿನವರೆಗೂ ಕೆಸರು, ಇಬ್ಬರ ಕೈಯಲ್ಲೂ ಸಲಿಕೆ. ಕೆಂಚಪ್ಪ ಸುತ್ತಲಿನವರೆಲ್ಲ ಟ್ರ್ಯಾಕ್ಟರು ಹಿಡಿದರೂ ಎತ್ತು ಬಿಡದೆ ಒಕ್ಕಲುತನ ಮಾಡುವವ. ಮನುಷ್ಯ ಮುಂಗೋಪಿ, ಆದರೆ ಕಪಟಿಯಲ್ಲ.

ನಡೆದದ್ದು ಇಷ್ಟು. ಬೇಸಿಗೆಯಲ್ಲಿ ಹೊಲದ ಮೋಟಾರಿಗೆ ಬೇಕಾದ ಕರೆಂಟು ನಡುರಾತ್ರಿ ದಾಟಿದ ಮೇಲೆ ಬರುತ್ತದೆ, ನಸುಕಿಗೆ ಹೋಗುತ್ತದೆ. ಹೀಗಾಗಿ ಸೋಮವಾರದ ಪಾಳಿಯೆಂದರೆ ಸೋಮವಾರ ರಾತ್ರಿ ಮಲಗಿ, ನಡುವೆ ಎದ್ದು ಹಾಯಿಸುವ ನೀರು. ಆ ಸೋಮವಾರದ ಪಾಳಿ ಚನ್ನವ್ವನದು, ಮಂಗಳವಾರದ್ದು ಕೆಂಚಪ್ಪನದು. ಸಂಜೆ ಚನ್ನವ್ವ ಬಾಬಾಲಾಲನನ್ನು ಕೇಳಿಯೇ ಹೊಲಕ್ಕೆ ಹೋಗಿದ್ದಳು. ಕರೆಂಟು ಬಂದು ಮೋಟಾರು ಎದ್ದಾಗ ಎಚ್ಚರಾದ ಕೆಂಚಪ್ಪ ಫೋನ್ ತೆರೆದು ನೋಡಿದ. ಅದರಲ್ಲಿ "ಬಾಬಾಲಾಲ ಹೇಳ್ತಾನ: ಇಂದು ಮಂಗಳವಾರ. ಪಾಳಿ: ಕೆಂಚಪ್ಪ" ಎಂದಿತ್ತು. ಅವನೂ ಸಲಿಕೆ ಹೆಗಲಿಗೇರಿಸಿ ಹೋಗಿ ಪೈಪಿನ ವಾಲ್ ತನ್ನ ಹೊಲದತ್ತ ತಿರುಗಿಸಿದ. ಚನ್ನವ್ವನ ನೀರು ನಡುಹೊಲದಲ್ಲಿ ನಿಂತಿತು. ಅವಳು ಬಂದು ಮತ್ತೆ ತನ್ನತ್ತ ತಿರುಗಿಸಿದಳು. ಹೀಗೆ ಬೆಳಗಿನವರೆಗೆ ವಾಲ್ ತಿರುಗುತ್ತಲೇ ಇತ್ತು. ಅವಳು ನಾಟಿ ಮಾಡಿದ ಕಬ್ಬು ಅರ್ಧ ನೆನೆಯಿತು, ಅವನದು ಅಷ್ಟೂ ನೆನೆಯಲಿಲ್ಲ. ಉಳಿದದ್ದೆಲ್ಲ ಕಾಲುವೆ ಬದುವಿನ ಹುಲ್ಲಿಗೆ ಹೋಯಿತು.

"ನನಗ ಫೋನಿನ್ಯಾಗ ನಿಂದ ಅಂತ ಹೇಳಿದಿ," ಚನ್ನವ್ವ ಹೇಳಿದಳು.

"ನನಗೂ ಫೋನಿನ್ಯಾಗ ನಿಂದ ಅಂತ ಹೇಳಿದಿ," ಕೆಂಚಪ್ಪ ಹೇಳಿದ. "ಇಕಾ ನೋಡ, ನಿನ್ನ ಹೆಸರ ಐತಿ. ಒಂದ ನೀರು ಇಬ್ಬರಿಗೆ ಕೊಟ್ಟೀ. ಯಾವಾಗಿಂದ ಎರಡ ನಾಲಿಗಿ ಆದೂ ಬಾಬಾಲಾಲ?"

ಬಾಬಾಲಾಲ ಕನ್ನಡಕ ಹುಡುಕಿ ಹಾಕಿಕೊಂಡು ಕೆಂಚಪ್ಪನ ಫೋನನ್ನು ಬಹಳ ಹೊತ್ತು ನೋಡಿದ. ಆಮೇಲೆ ಮಗಳ ಕಡೆ ನೋಡಿದ. ಅವಳು, "ನಾ ನೋಡತೇನಿ ಅಬ್ಬಾ, ಏನೋ ತಪ್ಪಾಗೇತಿ" ಅಂದಳು. ಅವಳಿಗೆ ನಿಜವಾಗಿಯೂ ಏನೆಂದು ತಿಳಿದಿರಲಿಲ್ಲ. ಸಂಜೆ ಸಂಘದ ಆಫೀಸಿಗೆ ಬನ್ನಿ ಎಂದು ಹೇಳಿ ಇಬ್ಬರನ್ನೂ ಕಳಿಸಿದರು.

ಹುಕ್ಕೇರಿಯಲ್ಲಿ ಆ ದಿನ ಗುಲ್ನಾಜ ಯಾರಿಗೋ ಬೇರೆ ಯಾರದೋ ಪಹಣಿ ತೆಗೆದುಕೊಟ್ಟು ಬೈಸಿಕೊಂಡಳು. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಳು; ತಪ್ಪೇ ಇರಲಿಲ್ಲ. ನಡುರಾತ್ರಿ ದಾಟಿತ್ತು, ಮಂಗಳವಾರ ಹುಟ್ಟಿತ್ತು, ಪುಟ ಮಂಗಳವಾರ ಎಂದಿತು. ಸರಿಯಾಗಿಯೇ ಇದೆಯಲ್ಲ! ಹಾಗಾದರೆ ಇಷ್ಟು ದಿನ ಏಕೆ ಜಗಳವಾಗಲಿಲ್ಲ ಎಂದು ಕೇಳಿಕೊಂಡಾಗ ಮಾತ್ರ ಅವಳ ಕೈ ಕೀಲಿಮಣೆಯ ಮೇಲೆ ನಿಂತುಬಿಟ್ಟಿತು.

ಘೋಡಗೇರಿಯ ಹೊಲದಲ್ಲಿ ದಿನ ನಡುರಾತ್ರಿ ಬದಲಾಗುವುದೇ ಇಲ್ಲ. ನಸುಕು ಹರಿದ ಮೇಲೆ ಬದಲಾಗುತ್ತದೆ. ಯಾವ ದೇಶದಲ್ಲೋ ಇದ್ದ ಆ ಸರ್ವರು, ತನ್ನ ಗಡಿಯಾರದ ಪ್ರಕಾರ, ಸರಿಯಾಗಿ ಘೋಡಗೇರಿಯ ನಸುಕಿಗೆ ದಿನ ಬದಲಿಸುತ್ತಿತ್ತು. ಯಾರೂ ಹೇಳಿಕೊಡದೆ ಅದು ಊರಿನ ಒಕ್ಕಲಿಗನಂತೆ ನಡೆದುಕೊಂಡಿತ್ತು. ಇಷ್ಟು ದಿನ ಪಾಳಿ ಸರಿಯಾಗಿದ್ದದ್ದು ಅವಳ ಜಾಣತನದಿಂದಲ್ಲ, ಅವಳು ಗಮನಿಸದೆ ಬಿಟ್ಟಿದ್ದ ತಪ್ಪಿನಿಂದ. ತಪ್ಪನ್ನು ತಿದ್ದಿ ಅವಳು ಜಗಳ ಹಚ್ಚಿದ್ದಳು.

ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅವಳ ಮನೆಯಲ್ಲಿ ಸೂರ್ಯ ಮುಳುಗಿದರೆ ಮರುದಿನ ಬಂತೆಂದು ಲೆಕ್ಕ. ಗುರುವಾರ ಸಂಜೆಯಾದರೆ ಅವಳ ತಾಯಿಗೆ ಅದು ಶುಕ್ರವಾರದ ರಾತ್ರಿ. ದಿನವೆಂಬುದು ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ತಿರುಗುತ್ತದೆ ಎಂಬುದನ್ನು ಎದೆಹಾಲಿನ ಜೊತೆ ಕುಡಿದ ಹುಡುಗಿ, ಹೊಲದವರಿಗೂ ಒಂದು ಹೊತ್ತಿರಬಹುದೆಂದು ಯೋಚಿಸಿರಲಿಲ್ಲ. ಅಲ್ಲೇ ಕೂತು ಪುಟವನ್ನು ತಿದ್ದಿದಳು. ಈ ಸಲ ವಿಲಾಯತಿ ಗಡಿಯಾರವನ್ನು ನಂಬಲಿಲ್ಲ. ದಿನ ಬದಲಾಗುವುದು ನಸುಕಿಗೆ ಎಂದು ಬಿಡಿಸಿ ಬರೆದಳು. ಪುಟ ಸರಿಹೋಯಿತು. ಅಪ್ಪನ ಹೆಸರನ್ನು ಸರಿಮಾಡುವ ಕೆಲಸ ಇನ್ನೂ ಬಾಕಿಯಿತ್ತು.

ಸಂಜೆ ಬಸ್ಸಿಳಿದು ಸೀದಾ ಸಂಘದ ಆಫೀಸಿಗೆ ಹೋದಳು. ಒಂದೇ ಕೋಣೆಯ ಆಫೀಸು ತುಂಬಿ ಮಂದಿ ಬಾಗಿಲಾಚೆ ನಿಂತಿದ್ದರು. ಕುರ್ಚಿಗಳಲ್ಲಿ ಕಾಶಿನಾಥ ಮಾಸ್ತರರು, ಅವರ ಪಕ್ಕದಲ್ಲಿ ಮೂಡಲಗಿಯಿಂದ ಬಂದ ಇಬ್ಬರು. ಪುಟ ನೋಡಲು ಬಂದವರು ಪಂಚಾಯತಿಗೆ ಸಿಕ್ಕಿಬಿದ್ದಿದ್ದರು. ಶ್ರೀಶೈಲನಿಗೆ ಪರಊರಿನವರ ಮುಂದೆ ಮರ್ಯಾದೆ ಹೋಗುತ್ತಿದೆ ಎಂಬ ಚಡಪಡಿಕೆ. ಚನ್ನವ್ವ, ಕೆಂಚಪ್ಪ ತಮ್ಮ ತಮ್ಮ ಮಾತು ಹೇಳಿ ಮುಗಿಸಿದ್ದರು. ಗುಲ್ನಾಜ ಬಾಯಿ ತೆರೆಯುವ ಮೊದಲೇ ಬಾಬಾಲಾಲ ಎದ್ದು ನಿಂತ.

"ಪುಟದ್ದೇನೂ ತಪ್ಪಿಲ್ರಿ," ಅಂದ. "ದಿನಾ ಸಂಜಿಕ ನಾ ಹೆಸರ ಹೇಳತೇನಿ, ಹುಡುಗಿ ಹಾಕತಾಳ. ಅಷ್ಟ ಆಕಿ ಕೆಲಸ. ನಿನ್ನೆ ನಾನ ಮರತ ಕೆಂಚಪ್ಪನ ಹೆಸರ ಹೇಳಿದ್ನಿ. ಚನ್ನವ್ವ ಫೋನ ಮಾಡಿದಾಗ ಆಕಿಗೂ ಹೂಂ ಅಂದ್ನಿ. ತಲಿ ಮೊದಲಿನ್ಹಂಗ ಇಲ್ರಿ. ನನ್ನ ತಪ್ಪು."

ಅದು ಹಸಿಹಸಿ ಸುಳ್ಳು. ಅವನು ದಿನಾ ಹೆಸರು ಹೇಳುತ್ತಿರಲಿಲ್ಲ. ಪುಟ ತಾನೇ ಲೆಕ್ಕ ಹಾಕುತ್ತಿತ್ತು. ಆದರೆ ತಲೆಬರಹವೇ "ಬಾಬಾಲಾಲ ಹೇಳ್ತಾನ" ಎಂದಿರುವಾಗ ಅನುಮಾನ ಯಾರಿಗೆ ಬರಬೇಕು? ಕೆಂಚಪ್ಪನ ಸಿಟ್ಟು ಜರ್ರನೆ ಇಳಿದು, ಅದರ ಜಾಗಕ್ಕೆ ಮುಜುಗರ ಬಂತು.

ಶ್ರೀಶೈಲ ಸಿಕ್ಕ ದಾರಿಯನ್ನು ಬಿಡಲಿಲ್ಲ. "ವಯಸ್ಸಾದ ಮ್ಯಾಲ ಎಲ್ಲಾರಿಗೂ ಆಗೂದ ಕಾಕಾ. ಹಂಗಾರ ಒಂದ ಕೆಲಸ ಮಾಡೂಣು. ಇನ್ನ ಮ್ಯಾಲ ನೀವು ಹೆಸರ ಹೇಳೂದ ಬ್ಯಾಡ. ಮೋಟಾರ ಅಷ್ಟ ನೋಡ್ರಿ. ಪಾಳಿ ಪುಟಾನ ನೋಡಕೋಲಿ." ಮೂಡಲಗಿಯ ಹಿರಿಯ ತಲೆಯಾಡಿಸಿ, "ನಮ್ಮ ಊರಾಗೂ ಇದ ರಗಳೆ ನೋಡ್ರಿ. ಹೇಳಾವ್ರು ಮರೀತಾರ, ಬಡದಾಡಾವ್ರು ನಾವು. ಇಂಥಾದೊಂದು ಬೇಕ ನಮಗ" ಅಂದ. ಕಾಶಿನಾಥ ಮಾಸ್ತರರು ಶಿಷ್ಯೆಯ ಕಡೆ ನೋಡಿ ನಸುನಕ್ಕರು.

ಗುಲ್ನಾಜ ಕೂತಿದ್ದಳು. ಅವಳು ಬಯಸಿದ್ದೆಲ್ಲ ಕೇಳದೆಯೇ ಅವಳ ಮಡಿಲಿಗೆ ಬಂದು ಬಿದ್ದಿತ್ತು. ಪುಟ ಉಳಿಯಿತು, ಮೂಡಲಗಿಯ ಕೆಲಸ ಸಿಕ್ಕಿತು, ನಾಳೆ ಬೆಲ್ಲದ ಬಾಗೇವಾಡಿಯವರೂ ಕೇಳಬಹುದು. ತಪ್ಪನ್ನು ಆಗಲೇ ತಿದ್ದಿಯಾಗಿತ್ತು. ಇನ್ನು ಯಾರಿಗೂ ಅದು ಗೊತ್ತಾಗುವ ಹಾಗಿರಲಿಲ್ಲ. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ, ಸುಮ್ಮನೆ ಕೂತಿರಬೇಕಿತ್ತು ಅಷ್ಟೇ. ಕೂತಳು. ಸಂತೋಷವೂ ಆಯಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಶ್ರೀಶೈಲ ಚಹಾ ತರಿಸಲು ಹೇಳುವವರೆಗೂ ಅವಳು ನೆಲ ನೋಡುತ್ತ ಕೂತೇ ಇದ್ದಳು.

ಎಬ್ಬಿಸಿದವಳು ಚನ್ನವ್ವ. ಅವಳು ಸೆರಗು ಸರಿಮಾಡಿಕೊಂಡು ಹೊರಡಲು ಎದ್ದವಳು ಬಾಬಾಲಾಲನ ಹತ್ತಿರ ನಿಂತಳು.

"ಹೋಗ್ಲಿ ಬಿಡಣ್ಣಾ," ಅಂದಳು. ಬೆಳಿಗ್ಗೆಯ ಗಡಸು ಅವಳ ದನಿಯಲ್ಲಿರಲಿಲ್ಲ. "ಹೋದ ನೀರ ಹೋತು. ನಿನ್ನ ಮಾತ ಕೇಳೂದ ನನಗ ರೂಢಿ ಆಗಿತ್ತು. ಇನ್ನ ಬಾಜೂದವ್ರ ಮನ್ಯಾಗ ಫೋನ ಐತಿ, ಅವ್ರನ್ನ ಕೇಳತೇನಿ. ನೀ ಮನಸಿಗೆ ಹಚ್ಚಗೋಬ್ಯಾಡ."

ಸರಿಯಾದ ಮಾತು ಹೇಳಿದ್ದಕ್ಕೆ ಬಾಬಾಲಾಲ ಕ್ಷಮೆ ಪಡೆಯುತ್ತಿದ್ದ. ಅವನು ಹೂಂ ಎಂದು ತಲೆ ಬಗ್ಗಿಸಿದ. ಆ ಬಗ್ಗಿದ ತಲೆಯನ್ನು ಗುಲ್ನಾಜ ನೋಡಲಾರದೆ ಹೋದಳು. ತಾನು ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ.

"ಚನ್ನವ್ವ ಕಾಕಿ, ನಿಂದರ್ರಿ," ಅಂದಳು. ಆಮೇಲೆ ಕೆಂಚಪ್ಪನ ಕಡೆ ತಿರುಗಿದಳು. "ಕಾಕಾ, ನಿಮ್ಮ ಮನ್ಯಾಗ ಸೋಮವಾರ ಎತ್ತ ಹೂಡತೀರೇನ್ರಿ?"

ಕೆಂಚಪ್ಪ ಹಾವು ತುಳಿದವನಂತೆ ನೋಡಿದ. "ಏನ ಮಾತಂತ ಆಡತೀ ಹುಡುಗಿ? ಸೋಮವಾರ ಬಸವಣ್ಣನ ವಾರ. ನಮ್ಮ ಅಜ್ಜನ ಕಾಲದಿಂದ ಹೂಡಿಲ್ಲ."

"ರಾತ್ರಿ ಹನ್ನೆರಡ ಆದ ಮ್ಯಾಲ ಹೂಡತೀರೇನ್ರಿ? ಆವಾಗ ಮಂಗಳವಾರ ಆಗಿರತೈತೆಲ್ಲ."

"ಹನ್ನೆರಡಕ್ಕ ಹೆಂಗ ಮಂಗಳವಾರ ಆಗತೈತಿ? ನಸಕ ಹರೀಬೇಕು, ದನಕ್ಕ ಮೇವ ಹಾಕ್ಬೇಕು, ಆವಾಗ ಮಂಗಳವಾರ. ಅಲ್ಲೀತನಕ ಸೋಮವಾರ ಅಲ್ಲೇನು?"

ಹೇಳುತ್ತ ಹೇಳುತ್ತ ಕೆಂಚಪ್ಪನ ಬಾಯಿ ನಿಧಾನವಾಯಿತು. ರಾತ್ರಿ ತಾನು ವಾಲ್ ತಿರುಗಿಸಿದಾಗ ನಸುಕು ಹರಿದಿರಲಿಲ್ಲ ಎಂಬುದು ಅವನಿಗೇ ಹೊಳೆಯಿತು. ಕೋಣೆಯಲ್ಲಿ ಉಳಿದವರಿಗೂ ಹೊಳೆಯಿತು.

"ಆ ಹೊತ್ತಿನ್ಯಾಗ ನೀರು ಚನ್ನವ್ವ ಕಾಕೀದ," ಗುಲ್ನಾಜ ಹೇಳಿದಳು. "ಅಬ್ಬಾ ಆಕಿಗೆ ಹೇಳಿದ್ದ ಖರೆ. ಪುಟ ನಿಮಗ ಹೇಳಿದ್ದ ತಪ್ಪು. ದಿನಾ ಅವ್ರು ಹೆಸರ ಹೇಳಿ ನಾ ಹಾಕೂದಿಲ್ಲ, ಅದ ತಾನ ಲೆಕ್ಕ ಹಾಕತೈತಿ. ನಿನ್ನೆ ಮುಂಜಾನಿ ಅದರ ಗಡಿಯಾರ ಬದಲಿ ಮಾಡಿದಾಕಿ ನಾನು. ಅವ್ರಿಗೆ ಹೇಳೂ ಇಲ್ಲ, ಕೇಳೂ ಇಲ್ಲ. ಅವ್ರು ಏನೂ ಮರತಿಲ್ಲ. ನನ್ನ ಸಲುವಾಗಿ ಸುಳ್ಳ ಹೇಳಿದ್ರು."

ಕಾಶಿನಾಥ ಮಾಸ್ತರರು ಕೂತಲ್ಲೇ ಕಾಲು ಬದಲಿಸಿ, "ಬದಲಿ ಮಾಡ ಅಂದಾವ ನಾನ" ಎಂದು ಸಣ್ಣ ದನಿಯಲ್ಲಿ ಹೇಳಿದರು. ಅವರ ಒಳ್ಳೆಯತನ, ಆದರೆ ಆಗ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ಬಾಬಾಲಾಲನನ್ನು ನೋಡುತ್ತಿದ್ದರು. ಅವನು ಗೋಡೆ ನೋಡುತ್ತಿದ್ದ.

ತೀರ್ಮಾನ ಬೇಗ ಆಯಿತು. ಕೆಂಚಪ್ಪ ತಾನಾಗಿಯೇ ಎದ್ದು, "ಇವತ್ತಿನ ರಾತ್ರಿ ನೀರ ಆಕಿ ತಗೋಲಿ, ನಾ ನಾಳೆ ತಗೋತೇನಿ" ಎಂದ. ಅವನ ನಂತರದ ಪಾಳಿಯವರು ಒಂದೊಂದು ದಿನ ಸರಿಯಲು ಒಪ್ಪಿದರು. ಪುಟದ ಮಾತನ್ನು ಯಾರೂ ಎತ್ತಲಿಲ್ಲ. ಎತ್ತದೆ ಇರುವುದೇ ಅದರ ಮೇಲಿನ ತೀರ್ಪಾಗಿತ್ತು. ಮೂಡಲಗಿಯ ಹಿರಿಯ ಚಹಾ ಕುಡಿದು ಲೋಟ ಕೆಳಗಿಟ್ಟು, "ಛಲೋ ಮಾಡೀ ತಂಗಿ. ಆದರ ನಮ್ಮಲ್ಲಿ ಪಾಳಿ ದೀಪ ಹಚ್ಚೂ ಹೊತ್ತಿಗೆ ಬದಲಾಗತೈತಿ. ವಿಚಾರ ಮಾಡಿ ತಿಳಸ್ತೀವಿ" ಎಂದ. ವಿಚಾರ ಮಾಡಿ ತಿಳಿಸುತ್ತೇವೆ ಎಂದು ಹೇಳಿ ಹೋದವರು ಏನು ತಿಳಿಸುತ್ತಾರೆ ಎಂಬುದು, ಸೆಂಟರಿನಲ್ಲಿ ದಿನಾ ಅರ್ಜಿ ತುಂಬುವ ಹುಡುಗಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೋಗುವಾಗ ಮಂದಿ ಒಬ್ಬೊಬ್ಬರಾಗಿ ಬಾಬಾಲಾಲನ ಮುಂದೆ ಹಾದು ಹೋದರು. ಕೆಲವರು ನಕ್ಕರು, ಪ್ರೀತಿಯಿಂದಲೇ. ಆ ನಗುವಿನಲ್ಲಿ, ಇವನೂ ಸುಳ್ಳು ಹೇಳಬಲ್ಲನಲ್ಲ ಎಂಬ ಹೊಸ ತಿಳಿವಳಿಕೆಯೂ ಇತ್ತು.

ಮನೆಯ ದಾರಿಯಲ್ಲಿ ಬಾಬಾಲಾಲ ಮುಂದೆ, ಗುಲ್ನಾಜ ಹಿಂದೆ. ಅಪ್ಪನಿಗೆ ಸಮಾಧಾನವಾಗಿರಬೇಕು ಎಂದು ಅವಳು ಅಂದುಕೊಂಡಿದ್ದಳು. ಅವನ ಬೆನ್ನು ನೋಡಿದರೆ ಹಾಗೆ ಕಾಣಲಿಲ್ಲ. ದೊಡ್ಡ ಹೆಜ್ಜೆ ಹಾಕುತ್ತಿದ್ದ, ತಿರುಗಿ ನೋಡಲಿಲ್ಲ. ಹಿಟ್ಟಿನ ಗಿರಣಿ ದಾಟಿದ ಮೇಲೆ ಮಾತಾಡಿದ.

"ಇಷ್ಟ ವರ್ಷ ಪಾಳಿ ಹೇಳೇನಿ. ಒಂದ ಸುಳ್ಳ ಹೇಳಿದ್ದಿಲ್ಲ. ನಿನ್ನ ಸಲುವಾಗಿ ಒಂದ ಹೇಳಿದ್ನಿ. ಅದನ್ನೂ ನೀ ನಿಂದರಗೊಡಲಿಲ್ಲ."

ಗುಲ್ನಾಜಳಿಗೆ ಅಳು ಬಂತು. ಅವನ ಮಾತಿಗಲ್ಲ, ಅವನಿಗೆ ಗೊತ್ತಿಲ್ಲದ್ದೊಂದು ತನ್ನೊಳಗಿದೆ ಎಂಬುದಕ್ಕೆ. ಅದನ್ನು ಇಟ್ಟುಕೊಂಡು ಮನೆಯೊಳಗೆ ಕಾಲಿಡಲು ಅವಳಿಂದಾಗಲಿಲ್ಲ.

"ಆ ಸುಳ್ಳ ನನಗ ಬೇಕಾಗಿತ್ತು ಅಬ್ಬಾ," ಅಂದಳು. "ನೀವ ಹೇಳಿದ ಕೂಡ್ಲೆ ನಾ ಎದ್ದ ನಿಂದರಲಿಲ್ಲ. ಬಾಯಿ ಮುಚಗೊಂಡ ಕುಂತಿದ್ನಿ. ಎಲ್ಲಾ ನನಗ ಸಿಗತೈತಿ ಅಂತ ಕುಂತಿದ್ನಿ."

ಬಾಬಾಲಾಲ ನಿಂತ. ಅವಳು ಹತ್ತಿರ ಬರುವವರೆಗೆ ನಿಂತಿದ್ದು, "ಗೊತ್ತೈತಿ," ಅಂದ. "ನಾ ನಿನ್ನ ನೋಡಕೋತನ ನಿಂತಿದ್ನಿ."